ಬೇಸಿಗೆಯ ಬಿಸಿಲು ಮತ್ತು ಲಾರಿಯ ಟೈರು: ಬೆಲೆಯೋ, ಬಾಳಿಕೆಯೋ?

ಹಿಮ ಬೀಳುವ ದೇಶಗಳಲ್ಲಿ ವಾಹನಗಳಿಗೆ ಚಳಿಗಾಲಕ್ಕೆಂದೇ ಮೃದು ರಬ್ಬರಿನ ಟೈರುಗಳನ್ನು ಅಳವಡಿಸುವರು. ಉಷ್ಣಾಂಶವು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗಲೂ ಅವು ಗಡುಸಾಗದೆ ರಸ್ತೆಯನ್ನು ಹಿಡಿಯುತ್ತವೆ. ಬೇಸಿಗೆಯಲ್ಲಿ ಅವೇ ಬೇಗ ಸವೆಯುತ್ತವೆ. ಹವೆಗೆ ತಕ್ಕ ಟೈರು ಬೇಕೆಂಬ ಈ ನಿಯಮ ನಮಗೂ ಅನ್ವಯಿಸುತ್ತದೆ. ಆದರೆ ರಾಯಚೂರು ಜಿಲ್ಲೆಯಲ್ಲಿ ಟೈರಿನ ಶತ್ರು ಚಳಿಯಲ್ಲ, ಬಿಸಿಲು. ಮಾನ್ವಿ, ದೇವದುರ್ಗ, ಯರಗೇರಾ ಭಾಗಗಳಿಂದ ಭತ್ತ, ಹತ್ತಿ ಸಾಗಿಸುವ ಲಾರಿಗಳು ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ಮೀರಿದ ಬಿಸಿಲಿನಲ್ಲಿ ಓಡಬೇಕಾಗುತ್ತದೆ.

ಮಾಲೀಕರ ಮುಂದಿರುವ ಆಯ್ಕೆಗಳು ಎರಡು. ನೈಲಾನ್ ಟೈರಿನ ಬೆಲೆ ಕಡಿಮೆ; ಅದರ ಪಕ್ಕೆಗಳು ಗಟ್ಟಿಯಾಗಿರುವುದರಿಂದ ಕಚ್ಚಾ ರಸ್ತೆಯ ಕಲ್ಲಿನ ಹೊಡೆತವನ್ನು ತಾಳಿಕೊಳ್ಳುತ್ತದೆ. ಆದರೆ ವೇಗದ ದೂರ ಪ್ರಯಾಣದಲ್ಲಿ ಬೇಗ ಕಾಯುತ್ತದೆ. ಉಕ್ಕಿನ ತಂತಿಯ ರೇಡಿಯಲ್ ಟೈರು ದುಬಾರಿ. ಆದರೆ ಕಡಿಮೆ ಕಾಯುತ್ತದೆ, ಡೀಸೆಲ್ ಉಳಿಸುತ್ತದೆ, ಹೆಚ್ಚು ದೂರ ಬಾಳುತ್ತದೆ.

ಇವೆರಡನ್ನು ಕೊಳ್ಳುವ ಬೆಲೆಯಿಂದಲ್ಲ, ಕಿಲೋಮೀಟರಿಗೆ ತಗಲುವ ವೆಚ್ಚದಿಂದ ತೂಗಬೇಕು. ಲೆಕ್ಕಕ್ಕಾಗಿ ಹೀಗೆ ಭಾವಿಸೋಣ: ನೈಲಾನ್ ಟೈರಿನ ಬೆಲೆ 16,000 ರೂ., ಓಟ 50,000 ಕಿ.ಮೀ.; ರೇಡಿಯಲ್ ಬೆಲೆ 22,000 ರೂ., ಓಟ 80,000 ಕಿ.ಮೀ. ಆಗ ಮೊದಲನೆಯದಕ್ಕೆ ಕಿ.ಮೀ.ಗೆ 32 ಪೈಸೆ, ಎರಡನೆಯದಕ್ಕೆ 27.5 ಪೈಸೆ ಬೀಳುತ್ತದೆ. ವರ್ಷಕ್ಕೆ 50,000 ಕಿ.ಮೀ. ಓಡುವ ಹತ್ತು ಚಕ್ರದ ಲಾರಿಗೆ 22,500 ರೂ. ಉಳಿತಾಯ. ಆದರೆ ಅದೇ ರೇಡಿಯಲ್ ಟೈರುಗಳು ಅತಿಭಾರದಿಂದ 55,000 ಕಿ.ಮೀ.ಗೇ ಕೆಟ್ಟರೆ ವೆಚ್ಚ 40 ಪೈಸೆಗೇರಿ, ವರ್ಷಕ್ಕೆ 40,000 ರೂ. ನಷ್ಟವಾಗುತ್ತದೆ. ಕೇಸಿಂಗ್ ಹಾಳಾದರೆ ರೀಟ್ರೆಡಿಂಗ್ ಮಾಡಿಸುವ ಅವಕಾಶವೂ ತಪ್ಪುತ್ತದೆ.

ಆದುದರಿಂದ ದುಬಾರಿ ಟೈರಿನ ಲಾಭವು ಅದನ್ನು ನೋಡಿಕೊಳ್ಳುವ ಶಿಸ್ತನ್ನು ಅವಲಂಬಿಸಿದೆ. ಬಿಸಿಲಿನಲ್ಲಿ ಟೈರು ಒಡೆಯದಿರಲೆಂದು ಗಾಳಿಯನ್ನು ಇಳಿಸುವ ರೂಢಿ ಕೆಲವೆಡೆ ಇದೆ. ಇದು ವಿಪರೀತ ಪರಿಣಾಮಕ್ಕೆ ಎಡೆಮಾಡುತ್ತದೆ. ಗಾಳಿ ಕಡಿಮೆಯಾದ ಟೈರು ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕಾದು ಒಡೆಯುತ್ತದೆ. ಓಟದಲ್ಲಿ ಒತ್ತಡ ಏರುವುದು ಸಹಜ. ಮುಂಜಾನೆ, ಟೈರು ತಣ್ಣಗಿರುವಾಗ, ತಯಾರಕರು ಸೂಚಿಸಿದ ಒತ್ತಡಕ್ಕೆ ಗಾಳಿ ತುಂಬಿಸುವುದೇ ಸರಿಯಾದ ಕ್ರಮ.

ಭಾರದ ಮಿತಿಯೂ ಅಷ್ಟೇ ಮುಖ್ಯ. ಹತ್ತು ಚಕ್ರದ ಮೂರು ಆ್ಯಕ್ಸಲ್ ಲಾರಿಯ ಒಟ್ಟು ತೂಕದ ಮಿತಿಯನ್ನು 2018ರಲ್ಲಿ 25 ಟನ್‌ನಿಂದ 28.5 ಟನ್‌ಗೆ ಏರಿಸಲಾಯಿತು; ಅದಕ್ಕಿಂತ ಮೀರಿದ ಬಾಡಿಗೆಯ ಆಸೆ ಟೈರಿನ ಲೆಕ್ಕದಲ್ಲಿ ಕರಗಿಹೋಗುತ್ತದೆ. ಒಂದೇ ಆ್ಯಕ್ಸಲ್‌ಗೆ ನೈಲಾನ್ ಮತ್ತು ರೇಡಿಯಲ್ ಬೆರೆಸಬಾರದು. ಮೇಲ್ಪದರದ ಗೀರುಗಳ ಆಳ 1.6 ಮಿ.ಮೀ.ಗಿಂತ ಕಡಿಮೆಯಾದ ಟೈರನ್ನು ಓಡಿಸುವುದು ನಿಯಮಕ್ಕೆ ವಿರುದ್ಧ. ರೀಟ್ರೆಡಿಂಗ್‌ಗೆ ಅದಕ್ಕೂ ಮೊದಲೇ ಬಿಚ್ಚುವುದು ಲಾಭಕರ.

ಹೆದ್ದಾರಿಯಲ್ಲಿ ನಿಯಮಿತ ಭಾರದೊಡನೆ ದೂರ ಓಡುವ ಲಾರಿಗೆ ರೇಡಿಯಲ್ ಸೂಕ್ತ. ಹೊಲದಿಂದ ಗಿರಣಿಗೆ ಕಚ್ಚಾ ಹಾದಿಯಲ್ಲಿ ನಿಧಾನವಾಗಿ ಓಡುವ ವಾಹನಕ್ಕೆ ನೈಲಾನ್ ಸಾಕು. ಪ್ರತಿ ಟೈರಿನ ಕ್ರಮಾಂಕ, ಬೆಲೆ, ಅಳವಡಿಸಿದ ದಿನ ಮತ್ತು ಓಡಿದ ಕಿಲೋಮೀಟರುಗಳನ್ನು ಒಂದು ವಹಿಯಲ್ಲಿ ಬರೆದಿಟ್ಟರೆ, ಮುಂದಿನ ಖರೀದಿಗೆ ಅದೇ ನಂಬಲರ್ಹ ಸಲಹೆಗಾರನಾಗುವುದು.