ಕಡಲಗಳ್ಳ ರೇಡಿಯೊ: ಹಡಗುಗಳು ಲಂಗರು ಹಾಕಿದ್ದೆಲ್ಲಿ?

ಕಡಲಗಳ್ಳ ರೇಡಿಯೊ ಎಂದರೆ ಪರವಾನಗಿಯಿಲ್ಲದೆ ಹಡಗಿನಿಂದ ನಡೆಸುವ ಬಾನುಲಿ ಪ್ರಸಾರ. 1960ರ ದಶಕದಲ್ಲಿ ಬ್ರಿಟನ್ನಿನ ಪ್ರಾದೇಶಿಕ ಜಲವ್ಯಾಪ್ತಿ ಕೇವಲ 3 ನಾಟಿಕಲ್ ಮೈಲಿ. ಅದರಾಚೆ ಲಂಗರು ಹಾಕಿದರೆ ದಡದ ಕಾನೂನು ತಟ್ಟುತ್ತಿರಲಿಲ್ಲ, ಪಾಪ್ ಹಾಡು ಮಾತ್ರ ಮನೆಮನೆಗೆ ಮುಟ್ಟುತ್ತಿತ್ತು. ಜಾಣತನವೋ ಕಳ್ಳತನವೋ, ನೀವೇ ಹೇಳಿ!

ರೇಡಿಯೊ ಕ್ಯಾರೊಲಿನ್ 1964ರ ಮಾರ್ಚ್ 28ರಂದು ಸಫೋಕ್‌ನ ಫೆಲಿಕ್ಸ್‌ಸ್ಟೋ ಎದುರಿನ ಉತ್ತರ ಸಮುದ್ರದಿಂದ ಶುರುವಾಯಿತು. ಅದೇ ವರ್ಷ ಇನ್ನೊಂದು ಕಡಲಗಳ್ಳ ಕೇಂದ್ರವಾದ ರೇಡಿಯೊ ಅಟ್ಲಾಂಟಾ ಜತೆ ಅದು ಒಂದಾಗಿ, ಕ್ಯಾರೊಲಿನ್‌ನ ಮೊದಲ ಹಡಗು ಐಲ್ ಆಫ್ ಮ್ಯಾನ್‌ನ ರಾಮ್ಸಿ ಕೊಲ್ಲಿಗೆ ಹೋಯಿತು. ಅಟ್ಲಾಂಟಾದ ಹಡಗು ‘ಮಿ ಅಮಿಗೊ’ ಎಸೆಕ್ಸ್‌ನ ಫ್ರಿಂಟನ್ ಬಳಿಯೇ ಉಳಿಯಿತು. 1966ರ ಜನವರಿಯಲ್ಲಿ ಬಿರುಗಾಳಿಗೆ ಲಂಗರು ಕಿತ್ತು ದಡಕ್ಕೇ ಬಂದು ಕೂತಿತು. ಮತ್ತೊಂದು ಕಡಲಗಳ್ಳ ಕೇಂದ್ರ ರೇಡಿಯೊ ಲಂಡನ್‌ನ ಹಡಗು ‘ಗ್ಯಾಲಕ್ಸಿ’ ನಿಂತದ್ದೂ ಫ್ರಿಂಟನ್ ಎದುರೇ. ಅದು ಅಮೆರಿಕ ನೌಕಾಪಡೆಯ ಹಳೆಯ ಮೈನ್‌ಸ್ವೀಪರ್ (ಸಮುದ್ರದ ಸಿಡಿಗುಂಡು ತೆಗೆಯುವ ಹಡಗು).

ಹಲವರು ಎಡವುವುದು ಇಲ್ಲಿ: ಕ್ಯಾರೊಲಿನ್ ಮೊದಲ ಕಡಲಗಳ್ಳ ರೇಡಿಯೊ ಅಲ್ಲ. ಡೆನ್ಮಾರ್ಕ್‌ನ ರೇಡಿಯೊ ಮರ್ಕ್ಯೂರ್ (1958), ಡಚ್ ಕರಾವಳಿಯ ರೇಡಿಯೊ ವೆರೋನಿಕಾ (1960) ಅದಕ್ಕಿಂತ ಹಿಂದಿನವು.

ಇಂಥ ಪ್ರಸಾರವನ್ನು ನಿಷೇಧಿಸುವ ಬ್ರಿಟನ್ನಿನ ಕಾಯ್ದೆ 1967ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಆ ಪಾಪ್ ಹಾಡುಗಳ ಜಾಗ ತುಂಬಲು ಸೆಪ್ಟೆಂಬರ್ 30ಕ್ಕೆ ಬಿಬಿಸಿ ರೇಡಿಯೊ 1 ಆರಂಭ. 1982ರ ವಿಶ್ವಸಂಸ್ಥೆ ಸಮುದ್ರ ಕಾನೂನು ಒಪ್ಪಂದದಲ್ಲಿ ಇಂಥ ಪ್ರಸಾರದ ಕುರಿತಾದದ್ದು ವಿಧಿ 109.