ಬೇಲೂರಿನಲ್ಲಿ ಹಸಿಮೆಣಸಿನಕಾಯಿ

ಕಾದಂಬರಿಯ ಕರಡು ಓದಿದೆ ಕಣಮ್ಮ. ಬೇಲೂರಿನ ಪ್ರತಿಷ್ಠೆ 1117ರಲ್ಲಿ ಎಂಬುದು ಸರಿಯಾಗಿದೆ. ವಿಷ್ಣುವರ್ಧನನ ‘ತಲಕಾಡುಗೊಂಡ’ ಬಿರುದನ್ನೂ ಶಾಸನ ನೋಡಿಯೇ ಬರೆದಿದ್ದೀಯ, ಸಂತೋಷ. ಆದರೆ ಅದೇ ಊರಿನಲ್ಲಿ ಶಿಲ್ಪಿಯ ಹೆಂಡತಿ ಸಾರಿಗೆ ಹಸಿಮೆಣಸಿನಕಾಯಿ ಸೀಳಿ ಹಾಕುತ್ತಾಳಲ್ಲ! ಅದು ನಮ್ಮ ಕಡೆಗೆ ಬಂದದ್ದು ಪೋರ್ಚುಗೀಸರಿಂದ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದೇ 1498ರಲ್ಲಿ. ಕಡಲೆಕಾಯಿ, ಆಲೂಗಡ್ಡೆ, ಟೊಮೇಟೊ, ಸೀಬೆ, ಗೋಡಂಬಿ ಎಲ್ಲವೂ ಮೂಲತಃ ಅಮೆರಿಕ ಖಂಡದವು. ಆ ಹೆಂಗಸಿನ ಕೈಗೆ ಕರಿಮೆಣಸು, ಹಿಪ್ಪಲಿ, ಶುಂಠಿ ಕೊಡು.

ಅನುಮಾನ ಬಂದ ಕಡೆ ಎಲ್ಲರೂ ಪುಸ್ತಕ ತೆಗೆದು ನೋಡುತ್ತಾರೆ. ದಿನಾ ಕೈಗೆ ಸಿಗುವ ವಸ್ತುವಿನ ಬಗ್ಗೆ ಅನುಮಾನವೇ ಹುಟ್ಟುವುದಿಲ್ಲ, ತಪ್ಪು ನುಸುಳುವುದು ಅಲ್ಲೇ. ಅರಸರ ವಂಶಾವಳಿಗೆ ತಿಂಗಳುಗಟ್ಟಲೆ ಕೂತವರು ಅವರ ಅಡುಗೆಮನೆಗೆ ಇಣುಕುವುದಿಲ್ಲ. ಇಣುಕಲು ದಾರಿ ಇದೆ. ಮುಮ್ಮಡಿ ಸೋಮೇಶ್ವರನ ‘ಮಾನಸೋಲ್ಲಾಸ’ ನಿನ್ನ ಕಥೆಯ ಕಾಲಕ್ಕೆ ತೀರಾ ಹತ್ತಿರದ್ದು, 1129ರ ಸುಮಾರಿನದು. ಅರಸನ ಊಟದಲ್ಲಿ ಏನೇನಿತ್ತು ಎಂಬುದು ಅದರಲ್ಲಿದೆ, ಇಡ್ಲಿಯ ಹಿರಿಯಳಾದ ಇಡ್ಡರಿಕಾ ಕೂಡ. ಆದರೆ ಅದು ಅರಮನೆಯ ಊಟ, ಶಿಲ್ಪಿಯ ಮನೆಯದಲ್ಲ. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ ಇನ್ನೊಂದು ನೂರು ವರ್ಷ ಹಿಂದಿನದು, ಕನ್ನಡದ್ದೇ. ಅಡುಗೆ, ಬೇಸಾಯ, ನೆಲದಡಿಯ ನೀರು ಪತ್ತೆಮಾಡುವುದು, ಎಲ್ಲ ಅದರಲ್ಲಿ ಸಿಗುತ್ತದೆ.

ಇನ್ನು ಆ ಕಳ್ಳ. ಭಾದ್ರಪದ ಶುದ್ಧ ಚೌತಿಯ ನಡುರಾತ್ರಿ, ನೆತ್ತಿಯ ಮೇಲಿನ ಬೆಳದಿಂಗಳಲ್ಲಿ ಗೋಡೆ ಹಾರುತ್ತಾನೆ. ಎಲ್ಲಿಂದ ಬಂತು ಬೆಳದಿಂಗಳು? ಶುದ್ಧ ಚೌತಿಯ ಚಂದ್ರ ಸಂಜೆ ಪಡುವಣದಲ್ಲಿ ಕಂಡು, ರಾತ್ರಿ ಒಂಬತ್ತರ ಸುಮಾರಿಗೆ ಮುಳುಗಿಬಿಡುತ್ತಾನೆ. ಸುಮಾರು ಅದೇ ಹೊತ್ತಿಗೆ ಹುಟ್ಟುವವನು ಬಹುಳ ಚೌತಿಯವನು. ಸಂಕಷ್ಟಿ ಮಾಡಿ, ಚಂದ್ರದರ್ಶನಕ್ಕೆ ಕಾದು ಊಟಮಾಡುವ ನಿಮ್ಮಜ್ಜಿಯನ್ನು ಕೇಳಿದ್ದರೆ ಆಗುತ್ತಿತ್ತು. ಸರಿಪಡಿಸಿದರೆ ಲಾಭ ನಿನಗೇ: ಕಳ್ಳನಿಗೆ ಕತ್ತಲೆ ಸಿಗುತ್ತದೆ, ಕಾವಲಿನವನು ಅವನ ಮುಖ ನೋಡದೇ ಹೋದದ್ದಕ್ಕೆ ನೀನು ಹೆಣೆದ ಆ ಸುಳ್ಳು ನೆಪವೂ ಬೇಡವಾಗುತ್ತದೆ.

‘ಲಾರ್ಡ್ ಆಫ್ ದ ಫ್ಲೈಸ್’ನಲ್ಲಿ ಹುಡುಗರು ಸಮೀಪದೃಷ್ಟಿಯವನ ಕನ್ನಡಕದಿಂದ ಬೆಂಕಿ ಹೊತ್ತಿಸುತ್ತಾರೆ, ಅಂಥ ಗಾಜು ಬಿಸಿಲನ್ನು ಚದುರಿಸುತ್ತದೆಯೇ ಹೊರತು ಒಂದೆಡೆ ಸೇರಿಸುವುದಿಲ್ಲ, ಆದರೂ ಗೋಲ್ಡಿಂಗರಿಗೆ 1983ರಲ್ಲಿ ನೊಬೆಲ್ ಬರಲಿಲ್ಲವೇ ಎಂದು ನೀನು ವಾದ ಹೂಡಬಹುದು. ಬಂತು. ಆ ತಪ್ಪನ್ನು ಹೊತ್ತುಕೊಂಡೂ ಆ ಪುಸ್ತಕ ನಿಂತಿದೆ. ನಿನ್ನದೋ ನನ್ನದೋ ಹಾಗೆ ನಿಲ್ಲುತ್ತದೆಂಬ ಧೈರ್ಯ ನನಗಿಲ್ಲ.

ಹಾಗೆಂದು ಓದಿದ್ದನ್ನೆಲ್ಲ ತಂದು ಸುರಿಯಬೇಡ. ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ ಎಂಬುದಕ್ಕೆ ಎರಡು ಪುಟ ಖರ್ಚುಮಾಡಿದ್ದೀಯ. ಶಿಲ್ಪಿ ಉಳಿ ಎತ್ತಿಕೊಳ್ಳುವ ಮೊದಲು ಉಗುರಿನಿಂದ ಒಮ್ಮೆ ಗೀರಿ ನೋಡಲಿ, ಸಾಕು. ಮಿಕ್ಕದ್ದನ್ನು ಹೊಡೆದುಹಾಕಿ, ಏಳನೇ ಅಧ್ಯಾಯ ತಿದ್ದಿ ಕಳಿಸು.