ಜೊತೆಗೂಡಿ ಓಡುವ ಪ್ರೋಗ್ರಾಂಗಳಿಗೆ ತರ್ಕದ ಕಾವಲು

ಮಾದಿಹಳ್ಳಿ, ಹಳೇಬೀಡಿನ ಕಡೆ ಹಾಲಿನ ಡೇರಿ ಗೊತ್ತಿಲ್ಲದವರಿಲ್ಲ. ಅಂಥ ಒಂದು ಡೇರಿಗೆ ನೀವೇ ಪ್ರೋಗ್ರಾಂ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಬೆಳಿಗ್ಗೆ ಜನ ಜಾಸ್ತಿಯೆಂದು ಹಾಲು ಅಳೆಯಲು ಎರಡು ಕೌಂಟರ್ ಇಟ್ಟಿದ್ದಾರೆ. ಎರಡೂ ಒಂದೇ ಕಂಪ್ಯೂಟರಿಗೆ ಸೇರಿವೆ. ಆ ಹೊತ್ತಿಗೆ ಬಂದ ಒಟ್ಟು ಹಾಲಿನ ಲೆಕ್ಕ ‘ಮೊತ್ತ’ ಎಂಬ ಹೆಸರಿನಲ್ಲಿ ಒಂದೇ ಕಡೆ ಇದೆ. ಒಂದೊಂದು ಕೌಂಟರನ್ನೂ ಪ್ರೋಗ್ರಾಂನ ಒಂದೊಂದು ಥ್ರೆಡ್, ಅಂದರೆ ತನ್ನಷ್ಟಕ್ಕೆ ಓಡುವ ಒಂದೊಂದು ಎಳೆ, ನೋಡಿಕೊಳ್ಳುತ್ತದೆ.

ಈಗ ಮೊತ್ತ 100 ಇದೆ. ಮೊದಲ ಕೌಂಟರಿಗೆ 6 ಲೀಟರು, ಎರಡನೆಯದಕ್ಕೆ 4 ಲೀಟರು ಒಟ್ಟಿಗೇ ಬಂದವು. 110 ಆಗಬೇಕು. ನೀವು ಬರೆದಿರುವುದು ‘ಮೊತ್ತಕ್ಕೆ ಇಷ್ಟು ಸೇರಿಸು’ ಎಂಬ ಒಂದೇ ಸಾಲು. ಯಂತ್ರಕ್ಕೆ ಅದು ಮೂರು ಹೆಜ್ಜೆ: ಮೊತ್ತವನ್ನು ಓದುವುದು, ತನ್ನಲ್ಲೇ ಕೂಡುವುದು, ತಿರುಗಿ ಬರೆಯುವುದು. ಮೊದಲ ಥ್ರೆಡ್ 100 ಎಂದು ಓದಿತು. ಅದು ಬರೆಯುವ ಮೊದಲೇ ಎರಡನೆಯದೂ 100 ಎಂದೇ ಓದಿತು. ಒಂದು 106 ಎಂದು ಬರೆಯಿತು. ಅದರ ಮೇಲೇ ಇನ್ನೊಂದು 104 ಎಂದು ಬರೆಯಿತು. ಆರು ಲೀಟರು ಹಾಲು ಲೆಕ್ಕದಿಂದ ಮಾಯ. ಎರಡು ಥ್ರೆಡ್‌ಗಳ ಸಾಲುಗಳನ್ನೂ ಬೇರೆ ಬೇರೆಯಾಗಿ ಎಷ್ಟು ಸಲ ಓದಿ ನೋಡಿದರೂ ತಪ್ಪು ಕಾಣದು.

ಇಲ್ಲಿ ನಿಂತು ಲೆಕ್ಕ ಹಾಕೋಣ. ಮೂರು ಮತ್ತು ಮೂರು ಹೆಜ್ಜೆಗಳು ಒಂದರೊಳಗೊಂದು ಬೆರೆಯಲು 20 ಬಗೆಗಳಿವೆ. ಸರಿಯಾದ ಮೊತ್ತ ಬರಬೇಕಾದರೆ ಒಂದು ಥ್ರೆಡ್ ಬರೆದು ಮುಗಿಸಿದ ಮೇಲೆಯೇ ಇನ್ನೊಂದು ಓದಲು ಶುರುಮಾಡಬೇಕು. ಹಾಗಾಗುವುದು ಎರಡೇ ಬಗೆಗಳಲ್ಲಿ. ಉಳಿದ 18ರಲ್ಲೂ ಲೆಕ್ಕ ತಪ್ಪು. ಆದರೂ ನೀವು ಪ್ರೋಗ್ರಾಂ ಓಡಿಸಿ ನೋಡಿದಾಗ ಸಾಮಾನ್ಯವಾಗಿ 110 ಬಂದೇ ಬರುತ್ತದೆ. ಆ ಮೂರು ಹೆಜ್ಜೆಗಳು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಮುಗಿಯುವುದರಿಂದ ಎರಡು ಥ್ರೆಡ್‌ಗಳು ಅಡ್ಡ ಬರುವುದು ಅಪರೂಪ. ಸಾವಿರ ಸಲ ಓಡಿಸಿದರೂ ಬಹುಶಃ ಆ ಎರಡು ಒಳ್ಳೆಯ ಬಗೆಗಳನ್ನೇ ಸಾವಿರ ಸಲ ನೋಡಿರುತ್ತೀರಿ. ಥ್ರೆಡ್‌ಗೆ ಹತ್ತು ಹತ್ತು ಹೆಜ್ಜೆಗಳಾದರೆ ಬಗೆಗಳ ಸಂಖ್ಯೆ 1,84,756ಕ್ಕೆ ಏರುತ್ತದೆ. ಜೊತೆಗೂಡಿ ಓಡುವ ಪ್ರೋಗ್ರಾಂ ಸರಿಯಿದೆ ಎಂದು ಹೇಳಲು ಓಡಿಸಿ ನೋಡಿದರೆ ಸಾಲದು. ಎಲ್ಲ ಬಗೆಗಳಿಗೂ ಒಟ್ಟಿಗೇ ಅನ್ವಯವಾಗುವ ಮಾತು ಬೇಕು. ಆ ಮಾತನ್ನು ತರ್ಕ ಕೊಡುತ್ತದೆ.

ಇದು ಬರೀ ಹಾಲಿನ ಲೆಕ್ಕದ ವಿಷಯವಲ್ಲ. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳಲ್ಲಿ ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರ ಆರು ರೋಗಿಗಳಿಗೆ ಮಿತಿಮೀರಿ ವಿಕಿರಣ ಕೊಟ್ಟಿತು, ಕೆಲವರು ಸತ್ತರು. ಅದರ ಒಂದು ದೋಷ ಈ ಜಾತಿಯದೇ. ಆಪರೇಟರು ತಪ್ಪಾಗಿ ಒತ್ತಿದ್ದನ್ನು ಬೇಗ ಬೇಗ ತಿದ್ದಿದರೆ, ಯಂತ್ರವನ್ನು ಅಣಿಗೊಳಿಸುತ್ತಿದ್ದ ಕೆಲಸದ ಗಮನಕ್ಕೆ ಆ ತಿದ್ದುಪಡಿ ಬರುತ್ತಲೇ ಇರಲಿಲ್ಲ. ಕೈ ಪಳಗಿ, ಟೈಪು ಮಾಡುವ ವೇಗ ಹೆಚ್ಚಿದವರ ಕೈಯಲ್ಲಿ ಮಾತ್ರ ದೋಷ ಹೊರಬಿತ್ತು.

ಇಂಥ ದೋಷಕ್ಕೆ ತರ್ಕ ಹೇಗೆ ಕಾವಲಾಗುತ್ತದೆ ಎಂದು ನೋಡಲು ಈಗ ರೈಲಿನ ಕಡೆಗೆ ಬರೋಣ. ಮಾದಿಹಳ್ಳಿಯವರು ರೈಲು ಹತ್ತಬೇಕೆಂದರೆ ಅರಸೀಕೆರೆಗೋ ಹಾಸನಕ್ಕೋ ಹೋಗಬೇಕು. ಅರಸೀಕೆರೆಯಿಂದ ಹಾಸನದ ಕಡೆ ಹೊರಡುವ ದಾರಿ ಒಂಟಿ ಹಳಿಯದು. ಎದುರುಬದುರಾಗಿ ಬರುವ ಎರಡು ಗಾಡಿಗಳು ಒಂದೇ ಹಳಿಯನ್ನು ಹಂಚಿಕೊಳ್ಳಬೇಕು. ನಮ್ಮ ಎರಡು ಥ್ರೆಡ್‌ಗಳಿಗೆ ಮೊತ್ತ ಹೇಗೋ ಈ ಗಾಡಿಗಳಿಗೆ ಹಳಿ ಹಾಗೆ. ಕಂಪ್ಯೂಟರು ಬರುವ ಎಷ್ಟೋ ಮೊದಲೇ ರೈಲ್ವೆಯವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಅದೇ ಟೋಕನ್. ಭಾರತದ ಒಂಟಿ ಹಳಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು ನೀಲ್ ಯಂತ್ರದ ಲೋಹದ ಗುಂಡು. ಅಕ್ಕಪಕ್ಕದ ಎರಡು ಸ್ಟೇಷನ್‌ಗಳಲ್ಲೂ ಒಂದೊಂದು ಯಂತ್ರ, ನಡುವೆ ತಂತಿ. ಒಂದು ಯಂತ್ರದಿಂದ ಗುಂಡು ಹೊರಗೆ ಬಂತೆಂದರೆ, ಅದು ಎರಡರಲ್ಲಿ ಒಂದಕ್ಕೆ ಮರಳುವ ತನಕ ಎರಡೂ ಕಡೆಯಿಂದ ಮತ್ತೊಂದು ಗುಂಡು ಹೊರಬರದು. ಗುಂಡನ್ನು ಚೀಲದಲ್ಲಿಟ್ಟು, ಚೀಲಕ್ಕೊಂದು ದೊಡ್ಡ ಬಳೆ ಕಟ್ಟಿ ಡ್ರೈವರ್ ಕೈಗೆ ಕೊಡುತ್ತಿದ್ದರು. ಅದಿಲ್ಲದೆ ಗಾಡಿ ಮುಂದಿನ ಸ್ಟೇಷನ್ನಿಗೆ ಹೊರಡುವಂತಿಲ್ಲ.

ಇದು ಸುರಕ್ಷಿತ ಎಂದು ನಿಮಗೆ ಹೇಗೆ ಗೊತ್ತಾಯಿತು? ನೀವು ವೇಳಾಪಟ್ಟಿ ನೋಡಲಿಲ್ಲ. ಯಾವ ಗಾಡಿ ಎಷ್ಟು ತಡ ಎಂದು ಕೇಳಲಿಲ್ಲ. ‘ಹೊರಗಿರುವ ಗುಂಡು ಒಂದಕ್ಕಿಂತ ಹೆಚ್ಚಿಲ್ಲ’ ಎಂಬ ಒಂದೇ ಮಾತನ್ನು ಹಿಡಿದುಕೊಂಡಿರಿ. ಆರಂಭದಲ್ಲಿ ಅದು ನಿಜ, ಎಲ್ಲ ಗುಂಡುಗಳೂ ಒಳಗಿವೆ. ಗುಂಡು ತೆಗೆಯುವಾಗ ನಿಜ, ಮರಳಿ ಹಾಕುವಾಗಲೂ ನಿಜ. ಬೇರೆ ಯಾವ ಹೆಜ್ಜೆಯೂ ಗುಂಡನ್ನು ಮುಟ್ಟುವುದಿಲ್ಲ. ಆದ್ದರಿಂದ ಹೆಜ್ಜೆಗಳು ಯಾವ ಕ್ರಮದಲ್ಲಿ ಬಂದರೂ ಅದು ಯಾವಾಗಲೂ ನಿಜ. ಹೀಗೆ ಯಾವ ಹೆಜ್ಜೆಯಿಂದಲೂ ಕೆಡದ ಮಾತಿಗೆ ಇನ್‌ವೇರಿಯಂಟ್ ಎನ್ನುತ್ತಾರೆ. ಈ ಶಾಸ್ತ್ರದಲ್ಲಿ ಒಂದೇ ವಿಷಯ ಕಲಿಯುವುದಾದರೆ ಇದನ್ನು ಕಲಿಯಿರಿ ಎನ್ನುತ್ತೇನೆ. 1976ರಲ್ಲಿ ಸೂಸನ್ ಒವಿಕಿ ಮತ್ತು ಡೇವಿಡ್ ಗ್ರೀಸ್ ಜೊತೆಗೂಡಿ ಓಡುವ ಪ್ರೋಗ್ರಾಂಗಳಿಗೆ ಕಟ್ಟಿದ ಪದ್ಧತಿಯ ತಿರುಳೂ ಇಂಥದ್ದೇ: ಒಂದೊಂದು ಥ್ರೆಡ್‌ಗೂ ಸಾಲುಸಾಲಿನಲ್ಲಿ ಯಾವ ಮಾತು ನಿಜ ಎಂದು ಬರೆಯಿರಿ, ಆಮೇಲೆ ಇನ್ನೊಂದು ಥ್ರೆಡ್‌ನ ಯಾವ ಹೆಜ್ಜೆಯೂ ಆ ಮಾತನ್ನು ಕೆಡಿಸುವುದಿಲ್ಲ ಎಂದು ತೋರಿಸಿ.

ಹೊಸಬರು ಎಡವುವ ಜಾಗ ಒಂದಿದೆ. ಗಾಡಿಗಳು ಡಿಕ್ಕಿ ಹೊಡೆಯಬಾರದು ಎಂಬುದಷ್ಟೇ ಕರಾರಾದರೆ, ಯಾವ ಗಾಡಿಯನ್ನೂ ಬಿಡದೆ ನಿಲ್ಲಿಸಿಕೊಂಡರೂ ಕರಾರು ಈಡೇರಿತು! ಹಾಗಾಗಿ ಎರಡು ಬಗೆಯ ಕರಾರು ಬೇಕು. ಕೆಟ್ಟದ್ದು ಎಂದೂ ಆಗುವುದಿಲ್ಲ ಎಂಬುದೊಂದು. ಆಗಬೇಕಾದ ಒಳ್ಳೆಯದು ಒಂದಲ್ಲ ಒಂದು ಹೊತ್ತು ಆಗಿಯೇ ಆಗುತ್ತದೆ ಎಂಬುದು ಇನ್ನೊಂದು. 1977ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಈ ಎರಡನ್ನೂ ಸೇಫ್ಟಿ, ಲೈವ್‌ನೆಸ್ ಎಂದು ಬೇರೆ ಮಾಡಿ ಹೆಸರಿಟ್ಟರು. ಅದೇ ವರ್ಷ ಇಸ್ರೇಲಿನ ಅಮೀರ್ ಪ್ನುಯೆಲಿ, ತತ್ವಶಾಸ್ತ್ರದವರು ಕಾಲದ ಬಗ್ಗೆ ಮಾತಾಡಲು ಕಟ್ಟಿಕೊಂಡಿದ್ದ ಟೆಂಪೊರಲ್ ಲಾಜಿಕ್ಕನ್ನು ಪ್ರೋಗ್ರಾಂಗಳಿಗೆ ತಂದರು. ‘ಯಾವಾಗಲೂ’ ಎನ್ನಲು ಒಂದು ಚೌಕದ ಗುರುತು, ‘ಮುಂದೆ ಎಂದಾದರೂ’ ಎನ್ನಲು ಒಂದು ವಜ್ರದ ಗುರುತು. ‘ಕೇಳಿದವನಿಗೆ ಸಿಕ್ಕೇ ಸಿಗುತ್ತದೆ’ ಎಂಬ ಮಾತು ಆ ತರ್ಕದಲ್ಲಿ ಹೀಗಾಗುತ್ತದೆ: ಯಾವಾಗಲೂ, ಕೇಳಿದ್ದಾದರೆ ಮುಂದೆ ಎಂದಾದರೂ ಸಿಗುತ್ತದೆ. ಪ್ನುಯೆಲಿಯವರಿಗೆ 1996ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು.

ಇಷ್ಟನ್ನು ಕೈಯಲ್ಲಿ ಹಿಡಿದು, 1981ರಲ್ಲಿ ಗ್ಯಾರಿ ಪೀಟರ್ಸನ್ ಕೊಟ್ಟ ಪುಟ್ಟ ಪ್ರೋಗ್ರಾಂ ಒಂದನ್ನು ಬಿಡಿಸಿ ನೋಡೋಣ. ರಂಗ, ಶಿವ ಎಂಬ ಎರಡು ಥ್ರೆಡ್‌ಗಳಿವೆ. ಮೊತ್ತವನ್ನು ಮುಟ್ಟುವ ಭಾಗದೊಳಗೆ ಒಂದು ಹೊತ್ತಿಗೆ ಒಬ್ಬನೇ ಇರಬೇಕು. ಇಬ್ಬರಿಗೂ ಒಂದೊಂದು ಬಾವುಟ. ಎತ್ತಿದ್ದರೆ ‘ನನಗೆ ಬೇಕು’ ಎಂದರ್ಥ. ಇಬ್ಬರಿಗೂ ಸೇರಿದ್ದು ‘ಸರದಿ’. ಅದರಲ್ಲಿ ಯಾರಾದರೂ ಒಬ್ಬನ ಹೆಸರು. ರಂಗ ಮಾಡುವುದು ಇಷ್ಟು: ಮೊದಲು ತನ್ನ ಬಾವುಟ ಎತ್ತುತ್ತಾನೆ. ಆಮೇಲೆ ಸರದಿಯಲ್ಲಿ ‘ಶಿವ’ ಎಂದು ಬರೆಯುತ್ತಾನೆ. ಶಿವನ ಬಾವುಟ ಮೇಲಿದ್ದು, ಸರದಿಯಲ್ಲೂ ಶಿವನ ಹೆಸರೇ ಇದ್ದರೆ ಕಾಯುತ್ತಾನೆ. ಇಲ್ಲವಾದರೆ ಒಳಗೆ ಹೋಗುತ್ತಾನೆ. ಹೊರಗೆ ಬಂದ ಮೇಲೆ ಬಾವುಟ ಇಳಿಸುತ್ತಾನೆ. ಶಿವ ಮಾಡುವುದೂ ಇದನ್ನೇ, ಹೆಸರು ಮಾತ್ರ ‘ರಂಗ’.

ಇಬ್ಬರೂ ಒಟ್ಟಿಗೆ ಒಳಗಿರಲು ಸಾಧ್ಯವೇ? ಇದ್ದಾರೆ ಎಂದೇ ಇಟ್ಟುಕೊಳ್ಳಿ. ಸರದಿಯಲ್ಲಿ ಕೊನೆಗೆ ಬರೆದವನು ಯಾರೋ ಒಬ್ಬ, ರಂಗ ಎನ್ನೋಣ. ಹಾಗಾದರೆ ಅಲ್ಲಿರುವುದು ‘ಶಿವ’. ಶಿವ ಸರದಿ ಬರೆದದ್ದು ರಂಗನಿಗಿಂತ ಮೊದಲು, ಬಾವುಟ ಎತ್ತಿದ್ದು ಅದಕ್ಕಿಂತಲೂ ಮೊದಲು. ಆದ್ದರಿಂದ ರಂಗ ನೋಡಿದಾಗ ಶಿವನ ಬಾವುಟ ಮೇಲಿದೆ, ಸರದಿಯೂ ಶಿವನದು. ರಂಗ ಕಾಯಲೇಬೇಕಿತ್ತು. ಒಳಗಿದ್ದಾನೆ ಎಂದುಕೊಂಡದ್ದು ಸುಳ್ಳಾಯಿತು. ಕೊನೆಗೆ ಬರೆದವನು ಶಿವನಾದರೂ ವಾದ ಅದೇ. ಎಷ್ಟು ಬಗೆಯಲ್ಲಿ ಹೆಜ್ಜೆಗಳು ಬೆರೆತರೂ ಈ ಆರೇಳು ವಾಕ್ಯಗಳು ಎಲ್ಲವನ್ನೂ ಮುಗಿಸುತ್ತವೆ. ಇಂಥ ವಾದವನ್ನು ಮೊದಲ ಸಲ ಪೂರ್ತಿ ಹಿಡಿದ ವಿದ್ಯಾರ್ಥಿಗೆ ಆಗುವ ಖುಷಿ ದೊಡ್ಡದು. ಅದಕ್ಕಾಗಿ ಇನ್ನೊಮ್ಮೆ ನಿಧಾನವಾಗಿ ಓದಿಕೊಳ್ಳಿ.

ಈಗ ಮೊದಲೆರಡು ಸಾಲುಗಳನ್ನು ಅದಲುಬದಲು ಮಾಡಿ: ಸರದಿ ಮೊದಲು, ಬಾವುಟ ಆಮೇಲೆ. ನೋಡಲು ಏನೂ ವ್ಯತ್ಯಾಸವಿಲ್ಲ ಅನ್ನಿಸುತ್ತದೆ. ರಂಗ ಸರದಿಯಲ್ಲಿ ‘ಶಿವ’ ಎಂದು ಬರೆದು ಅಷ್ಟಕ್ಕೇ ನಿಂತ. ಶಿವ ಬಂದು ಸರದಿಯಲ್ಲಿ ‘ರಂಗ’ ಎಂದು ಬರೆದ, ಬಾವುಟ ಎತ್ತಿದ, ರಂಗನ ಬಾವುಟ ಕೆಳಗಿರುವುದನ್ನು ಕಂಡು ಒಳಗೆ ಹೋದ. ಈಗ ರಂಗ ಎದ್ದು ಬಾವುಟ ಎತ್ತಿದ; ಶಿವನ ಬಾವುಟ ಮೇಲಿದೆ, ಆದರೆ ಸರದಿಯಲ್ಲಿರುವುದು ತನ್ನದೇ ಹೆಸರು. ಅವನೂ ಒಳಗೆ. ಇಬ್ಬರೂ ಒಳಗಾದರು.

ಆರು ಹೆಜ್ಜೆಯೊಳಗಿನ ಈ ತಪ್ಪನ್ನು ಮನುಷ್ಯರು ಹುಡುಕಬಹುದು. ಅರವತ್ತು ಹೆಜ್ಜೆಯದನ್ನು ಹುಡುಕಲು ಮಾಡೆಲ್ ಚೆಕರ್ ಎಂಬ ಸಾಧನವಿದೆ. ಪ್ರೋಗ್ರಾಂ ಇರಬಹುದಾದ ಎಲ್ಲ ಸ್ಥಿತಿಗಳನ್ನೂ ಅದು ಒಂದೂ ಬಿಡದೆ ಹುಡುಕುತ್ತದೆ. ಪೀಟರ್ಸನ್ ಪ್ರೋಗ್ರಾಂನಲ್ಲಿ ಒಬ್ಬೊಬ್ಬ ಇರಬಹುದಾದ ಜಾಗ ಐದು, ಒಂದೊಂದು ಬಾವುಟಕ್ಕೆ ಸ್ಥಿತಿ ಎರಡು, ಸರದಿಯಲ್ಲಿ ಇರಬಹುದಾದ ಹೆಸರು ಎರಡು. ಎಲ್ಲ ಗುಣಿಸಿದರೂ 200 ಸ್ಥಿತಿಗಳ ಮೇಲಿಲ್ಲ. ಕರಾರು ಮುರಿದರೆ, ಮುರಿಯುವ ತನಕದ ಹೆಜ್ಜೆಗಳನ್ನು ಅದು ಒಂದೊಂದಾಗಿ ಬರೆದು ಕೊಡುತ್ತದೆ. ಕಷ್ಟವೆಂದರೆ ಥ್ರೆಡ್ ಹೆಚ್ಚಿದ ಹಾಗೆ ಸ್ಥಿತಿಗಳು ಗುಣಾಕಾರದಲ್ಲಿ ಬೆಳೆಯುತ್ತವೆ. ಅದನ್ನು ಹತೋಟಿಗೆ ತರುವುದೇ ಈ ಕ್ಷೇತ್ರದ ನಲವತ್ತಕ್ಕೂ ಹೆಚ್ಚು ವರ್ಷಗಳ ದುಡಿಮೆ. ಈ ದಾರಿ ತೆರೆದ ಕ್ಲಾರ್ಕ್, ಎಮರ್ಸನ್, ಸಿಫಾಕಿಸ್ ಮೂವರಿಗೆ 2007ರ ಟ್ಯೂರಿಂಗ್ ಪ್ರಶಸ್ತಿ ಬಂತು. ಸ್ಥಿತಿಗಳನ್ನು ಹುಡುಕುವ ಬದಲು ತರ್ಕದಿಂದಲೇ ಸಾಧಿಸಿ ತೋರಿಸುವ ದಾರಿಯೂ ಇದೆ: 1998ರಲ್ಲಿ ಶುರುವಾದ, ಡ್ರೈವರ್ ಇಲ್ಲದೆ ಓಡುವ ಪ್ಯಾರಿಸ್ ಮೆಟ್ರೋದ 14ನೇ ಮಾರ್ಗದ ಸುರಕ್ಷತೆಯ ಪ್ರೋಗ್ರಾಂ ಅನ್ನು ‘ಬಿ’ ಎಂಬ ತರ್ಕಪದ್ಧತಿಯಲ್ಲಿ, ಸಾಧನೆ (ಪ್ರೂಫ್) ಸಮೇತ ಕಟ್ಟಿದ್ದಾರೆ.

ನಮ್ಮ ಹತ್ತಿರವೂ ಈ ಕೆಲಸ ನಡೆದಿದೆ. ಫ್ರೀಆರ್‌ಟಿಒಎಸ್ ಎಂಬುದು ಸಣ್ಣ ಸಣ್ಣ ಉಪಕರಣಗಳ ಚಿಪ್ಪುಗಳಲ್ಲಿ ಕೂತು, ಯಾವ ಕೆಲಸ ಯಾವಾಗ ಓಡಬೇಕು ಎಂದು ನಿರ್ಧರಿಸುವ ಉಚಿತ ತಂತ್ರಾಂಶ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೀಪಕ್ ಡಿಸೋಜ ಮತ್ತು ಅವರ ಜೊತೆಗಾರರು, ಅದರ ಶೆಡ್ಯೂಲರ್ ಹೇಗೆ ನಡೆಯಬೇಕೆಂಬುದನ್ನು ಗಣಿತದ ಭಾಷೆಯಲ್ಲಿ ಬರೆದು, ನಿಜವಾದ ಸಿ ಕೋಡ್ ಅದರಂತೆಯೇ ನಡೆಯುತ್ತದೆ ಎಂದು ಯಂತ್ರ ಪರಿಶೀಲಿಸಿದ ಸಾಧನೆಯೊಂದಿಗೆ 2015ರಲ್ಲಿ ಪ್ರಕಟಿಸಿದರು. ನಡುವೆ ತುರ್ತು ಕರೆ (ಇಂಟರಪ್ಟ್) ಬಂದು ಅಡ್ಡ ಹಾಯುವ ಇಂಥದೇ ತಂತ್ರಾಂಶಗಳಲ್ಲಿ, ನಮ್ಮ ಹಾಲಿನ ಲೆಕ್ಕದಂಥ ಅಡ್ಡಾದಿಡ್ಡಿ ಓದು-ಬರಹವನ್ನು ಪತ್ತೆಮಾಡುವ ಕೆಲಸವೂ ಅದೇ ಸಂಸ್ಥೆಯಿಂದ ಬಂದಿದೆ. ಇಂಥದ್ದೆಲ್ಲ ದೂರದ ದೇಶದವರ ಕೆಲಸ ಎಂದುಕೊಂಡ ಹುಡುಗ ಹುಡುಗಿಯರಿಗೆ ನಾನು ಇದನ್ನು ಬೇಕೆಂದೇ ಹೇಳುತ್ತೇನೆ.

ಒಂದು ಎಚ್ಚರಿಕೆ. ಸಾಧನೆ ನಿಲ್ಲುವುದು ನೀವು ಒಪ್ಪಿಕೊಂಡ ನಿಯಮಗಳ ಮೇಲೆ. ಪೀಟರ್ಸನ್ ವಾದದಲ್ಲಿ, ಬರೆದ ಕ್ರಮದಲ್ಲೇ ಎಲ್ಲರಿಗೂ ಕಾಣುತ್ತದೆ ಎಂದು ಒಪ್ಪಿಕೊಂಡೆವು. ಇಂದಿನ ಪ್ರೊಸೆಸರ್‌ಗಳು ವೇಗಕ್ಕಾಗಿ ಅದನ್ನು ಪಾಲಿಸುವುದಿಲ್ಲ. ರಂಗ ಎತ್ತಿದ ಬಾವುಟ ಶಿವನಿಗೆ ತಡವಾಗಿ ಕಾಣಬಹುದು. ಅದಕ್ಕೇ ನಿಜವಾದ ಕೋಡ್‌ನಲ್ಲಿ ‘ಇಲ್ಲಿಯವರೆಗೆ ಬರೆದದ್ದು ಎಲ್ಲರಿಗೂ ಕಾಣುವ ತನಕ ಮುಂದೆ ಹೋಗಬೇಡ’ ಎಂಬ ವಿಶೇಷ ಆದೇಶ ಸೇರಿಸಬೇಕಾಗುತ್ತದೆ. ಒಳಗೆ ಹೋದವನು ಅಲ್ಲೇ ಕೂತುಬಿಡುವುದಿಲ್ಲ, ಕಾಯುವವನಿಗೂ ಓಡಲು ಅವಕಾಶ ಸಿಗುತ್ತಿರುತ್ತದೆ ಎಂಬುದನ್ನೂ ಲೈವ್‌ನೆಸ್ ವಾದದಲ್ಲಿ ಬಾಯಿಬಿಟ್ಟು ಹೇಳಬೇಕು.

ಮುಂದಿನ ಹೆಜ್ಜೆ ಇಡುವವರಿಗೆ ಜೆರಾರ್ಡ್ ಹೋಲ್ಜ್‌ಮನ್ ಕಟ್ಟಿದ ಸ್ಪಿನ್, ಲ್ಯಾಂಪೋರ್ಟ್ ಅವರ ಟಿಎಲ್‌ಎ ಪ್ಲಸ್ ಎರಡೂ ಉಚಿತವಾಗಿ ಸಿಗುತ್ತವೆ. ಸಾಧಾರಣ ಲ್ಯಾಪ್‌ಟಾಪ್ ಸಾಕು. ಮೊದಲು ಡೇರಿಯ ಮೂರು ಹೆಜ್ಜೆಗಳನ್ನು ಬರೆದು, ‘ಇಬ್ಬರೂ ಮುಗಿಸಿದ ಮೇಲೆ ಮೊತ್ತ 110’ ಎಂದು ಕರಾರು ಹಾಕಿ. ಅದು ಮುರಿಯುವುದನ್ನು ಕಂಡ ಮೇಲೆ ಪೀಟರ್ಸನ್ ಸಾಲುಗಳನ್ನು ಸುತ್ತ ಕಟ್ಟಿ ಮತ್ತೆ ಓಡಿಸಿ. ಕೊನೆಗೆ ಮೂರನೆಯ ಕೌಂಟರ್ ಸೇರಿಸಿ: ಎರಡು ಬಾವುಟದ ಉಪಾಯ ಮೂವರಿಗೆ ಸಾಲುವುದಿಲ್ಲ. ಏನು ಬದಲಿಸಬೇಕು ಎಂದು ಹುಡುಕುವಾಗ ಕೋಡ್ ಮುಟ್ಟುವ ಮೊದಲು ಕರಾರನ್ನು ಕಾಗದದ ಮೇಲೆ ಬರೆದುಕೊಳ್ಳಿ.